ಕೆಂಚಿ ಲಾಳ ಕಳಚಿದ ವರ್ಷ

ಮೊನ್ನೆ ಬೆಳಗ್ಗೆ ತಂಗಿ ಹುರುಳಿ ಬೇಯಲು ಇಟ್ಟಿದ್ದಳು. ಹುರುಳಿಕಟ್ಟಿನ ಸಾರು ಮುರಿದ ಕಾಲಿಗೆ ಒಳ್ಳೆಯದಂತೆ. ಕಾಲು ಮುರಿದವರಿಗೆ ಜಗತ್ತಿನಲ್ಲಿ ಒಳ್ಳೆಯದಲ್ಲದ್ದು ಯಾವುದೂ ಇಲ್ಲ ಎನ್ನುವುದು ನನಗೆ ಈ ಕೆಲವು ತಿಂಗಳಲ್ಲಿ ಗೊತ್ತಾಗಿದೆ. ರಾಗಿ ಒಳ್ಳೆಯದು, ನುಗ್ಗೆಸೊಪ್ಪು ಒಳ್ಳೆಯದು, ಪಕ್ಕದ ಮನೆಯವರು ತಂದುಕೊಟ್ಟ ನಾರುವ ಎಣ್ಣೆಯೂ ಒಳ್ಳೆಯದು. ಪ್ಲಾಸ್ಟರ್ ಬಿಚ್ಚಿ ಎಷ್ಟೋ ವಾರಗಳಾಗಿದ್ದರೂ ಹೆಜ್ಜೆ ಊರಲು ಹೆದರಿಕೊಂಡು ನಾನು ನಡುಮನೆಯ ಮಂಚದ ಮೇಲೆ ಕಾಲು ಚಾಚಿ ಕೂತಿದ್ದೆ. ಎದುರಿಗೆ ನಿಂತ ವಾಕರನ್ನು ನೋಡಿದರೆ ಮೈ ಉರಿಯುತ್ತಿತ್ತು. ಆಗ ತಂಗಿ ಒಳಗೆ ಪಾತ್ರೆಯ ಮುಚ್ಚಳ ತೆಗೆದಳು ಅಂತ ಕಾಣುತ್ತದೆ. ಬೆಂದ ಹುರುಳಿಯ ಆ ಬಿಸಿ ಬಿಸಿ ಮಣ್ಣಿನಂಥ ವಾಸನೆ ನಡುಮನೆಗೆ ಬಂತು. ತರೀಕೆರೆಯ ಈ ಮನೆ, ಈ ಮಂಚ, ಈ ಹಾಳು ವಾಕರ್ ಎಲ್ಲ ಮರೆತುಹೋಗಿ, "ಏನೇ, ಕುದುರೆ ಬಂತಾ?" ಅಂದುಬಿಟ್ಟೆ.

ತಂಗಿ ಸೌಟು ಹಿಡಿದುಕೊಂಡೇ ಬಂದು ನನ್ನ ಹಣೆ ಮುಟ್ಟಿ ನೋಡಿದಳು. ಪಾಪ, ಅವಳಿಗೆ ಹೇಗೆ ಗೊತ್ತಾಗಬೇಕು. ನಾನೂ ಅಮ್ಮನೂ ಬೀರೂರಿನಲ್ಲಿ ಬಾಡಿಗೆಗಿದ್ದ ಕಾಲಕ್ಕೆ ಅವಳು ಮದುವೆಯಾಗಿ ಬೇರೆ ಊರಿನಲ್ಲಿದ್ದಳು. ಅವಳು ಜಟಕಾ ಮಾವನನ್ನು ನೋಡಿದವಳಲ್ಲ. ಅವರ ಕುದುರೆ ಕೆಂಚಿಯನ್ನಂತೂ ನೋಡೇ ಇಲ್ಲ...

ನನಗೆ ಆಗಷ್ಟೇ ಮೇಷ್ಟರ ಕೆಲಸ ಸಿಕ್ಕಿತ್ತು. ಶಾಲೆ ಅಜ್ಜಂಪುರದ ಹತ್ತಿರ. ದಿನಾ ಬೆಳಗ್ಗೆ ಬೀರೂರಿನಿಂದ ಪ್ಯಾಸೆಂಜರ್ ರೈಲಿನಲ್ಲಿ ಹೋಗಿ, ಸಂಜೆ ಈರುಳ್ಳಿ ಮೂಟೆಗಳ ನಡುವೆ ಕೂತು ವಾಪಸು ಬರುತ್ತಿದ್ದೆ. ಮೈಯೆಲ್ಲ ಈರುಳ್ಳಿ ನಾತ. ನಮ್ಮ ಎದುರುಮನೆಯಲ್ಲಿ ಜಟಕಾ ಮಾವ ಮತ್ತು ಅವರ ಹೆಂಡತಿ ಇದ್ದರು. ನಮಗೆ ನೆಂಟರೇನೂ ಅಲ್ಲ. ಮೊದಲ ದಿನವೇ ಅಮ್ಮ ಅವರನ್ನು "ಅಣ್ಣ" ಅಂದಳು, ಹಾಗಾಗಿ ನನಗೆ ಅವರು ಮಾವ, ಅವರ ಹೆಂಡತಿ ಅತ್ತೆ. ಸ್ಟೇಷನ್ನಿಗೆ ನಾನು ನಡೆದೇ ಹೋಗಬಹುದಿತ್ತು. ಮಾವ ಬಿಡಬೇಕಲ್ಲ! "ಟೀಚರಮ್ಮ ನಡ್ಕೊಂಡ್ ಹೋದ್ರೆ ನನ್ ಜಟಕಾಗೆ ಅವಮಾನ ಕಣಮ್ಮ, ಹತ್ತು" ಎನ್ನುವರು.

ಸಣಕಲು ಆಸಾಮಿ, ಗಂಟಲು ಮಾತ್ರ ದೊಡ್ಡದು. ಕಿವಿಯ ತುಂಬ ಕೂದಲು. ಯಾರೋ ರೈಲ್ವೆಯವರು ಕೊಟ್ಟ ಹಳೆಯ ಖಾಕಿ ಅಂಗಿ ತೊಟ್ಟು ಜಟಕಾ ಹತ್ತಿ ಕೂತರೆಂದರೆ ಇಡೀ ಬೀರೂರು ಜಂಕ್ಷನ್ನು ತಮ್ಮ ಕೈಮೇಲೆ ನಡೆಯುತ್ತಿದೆ ಎಂಬ ಗತ್ತು. ರೈಲು ತಪ್ಪೀತು ಎಂದು ನಾನು ಚಡಪಡಿಸಿದರೆ, "ಎಲ್ಲೋಗುತ್ತೆ? ರೈಲಿಗೂ ಕೆಂಚಿ ಅಂದ್ರೆ ಮರ್ಯಾದೆ ಐತೆ" ಅನ್ನುವರು. ಬಾಯಿ ಬಿಟ್ಟರೆ ಬಡಾಯಿ. ಆದರೆ ಮುಂಜಾನೆ ಅಂಗಳದ ಒಲೆಯಲ್ಲಿ ಕೆಂಚಿಗೆ ಹುರುಳಿ ಬೇಯಿಸುವಾಗ ಅವರ ಬಾಯಿ ಸುಮ್ಮನಿರುತ್ತಿತ್ತು. ಬೆಂದ ಕಾಳನ್ನು ಬೆರಳಲ್ಲಿ ಹಿಸುಕಿ ನೋಡಿ, ಅಂಗೈಯಲ್ಲಿ ಆರಿಸಿ ಕೊಡುತ್ತಿದ್ದರು. ನನಗೆ ಅಮ್ಮ ಅಷ್ಟು ನಾಜೂಕಾಗಿ ಅನ್ನ ಬಡಿಸಿದ್ದಿಲ್ಲ.

ಕೆಂಚಿ ಕೆಂಪು ಬಣ್ಣದ ಹೆಣ್ಣು ಕುದುರೆ. ಹಣೆಯ ಮೇಲೆ ಯಾರೋ ಸುಣ್ಣದ ಬೆರಳಿಟ್ಟ ಹಾಗೆ ಒಂದು ಬಿಳಿ ಬೊಟ್ಟು. ಅವಳ ಲಾಳದ ಟಕಟಕ ನಮ್ಮ ಬೀದಿಗೆಲ್ಲ ಗಡಿಯಾರವಾಗಿತ್ತು. ನಮ್ಮ ಮನೆಯ ಗಡಿಯಾರ ಕೆಟ್ಟು ಎಷ್ಟೋ ಕಾಲವಾಗಿದ್ದರೂ ಅಮ್ಮ ರಿಪೇರಿ ಮಾಡಿಸುವ ಗೋಜಿಗೆ ಹೋಗಿರಲಿಲ್ಲ. ಕೆಂಚಿಯನ್ನು ಕೊಟ್ಟಿಗೆಯಿಂದ ಹೊರಗೆ ತಂದ ಸದ್ದು ಕೇಳಿದರೆ ನಾನು ಏಳಬೇಕು, ಜಟಕಾ ಕಟ್ಟಿ ಬಾಗಿಲಿಗೆ ಬಂದ ಸದ್ದು ಕೇಳಿದರೆ ತಿಂಡಿ ತಿನ್ನುತ್ತಿದ್ದವಳು ತಟ್ಟೆ ಬಿಟ್ಟು ಓಡಬೇಕು.

ಒಂದು ಮಳೆಗಾಲ ಕಳೆದ ಮೇಲೆ ಕೆಂಚಿಯ ಮುಂಗಾಲಿನ ಲಾಳ ದಾರಿಯಲ್ಲಿ ಕಳಚಿ ಬಿತ್ತು. ಹೊಡೆಸಿದರು. ಮತ್ತೆ ಬಿತ್ತು. ಕಡೂರಿನಿಂದ ಬರುತ್ತಿದ್ದ ಲಾಳ ಹೊಡೆಯುವವನು ಹಳೆಯ ತೂತಿನ ಪಕ್ಕ ಹೊಸ ತೂತು ಮಾಡಿ ಮೊಳೆ ಹೊಡೆದ, ಅದರ ಪಕ್ಕ ಇನ್ನೊಂದು ಹೊಡೆದ. ಆಮೇಲೆ ಗೊರಸು ಎತ್ತಿ ತೋರಿಸಿ, "ಇನ್ನೆಲ್ಲಿ ಹೊಡೀಲಿ ಹೇಳಪ್ಪಾ? ಗೋಡೇನೇ ಬಿದ್ದೋಗೈತೆ, ಮೊಳೆ ಎಲ್ಲಿ ನಿಲ್ಲುತ್ತೆ?" ಅಂದ. ನಾನೂ ಬಗ್ಗಿ ನೋಡಿದೆ. ಗೊರಸಿನ ಅಂಚು ಹೆಂಚು ಒಡೆದ ಹಾಗೆ ಚಕ್ಕೆ ಚಕ್ಕೆಯಾಗಿತ್ತು. ಕೆಂಚಿ ಕುಂಟತೊಡಗಿದಳು.

ಇಂಥ ಸುದ್ದಿಗೆ ಕಾಲಿರುತ್ತದೆ. ತರೀಕೆರೆ ಕಡೆಯ ದಲ್ಲಾಳಿಯೊಬ್ಬ ಛತ್ರಿ ಹಿಡಿದುಕೊಂಡು ಬಂದ. ಕೆಲಸಕ್ಕೆ ಬಾರದ ದನ, ಕುದುರೆ, ಕತ್ತೆ ಎಲ್ಲವನ್ನೂ ಅವನು ಕೊಳ್ಳುತ್ತಿದ್ದ. ಅವನು ಕೊಂಡುಹೋದ ಪ್ರಾಣಿ ಮತ್ತೆ ಯಾರ ಕಣ್ಣಿಗೂ ಬಿದ್ದದ್ದಿಲ್ಲ. ಅವು ಎಲ್ಲಿಗೆ ಹೋಗುತ್ತವೆ ಎನ್ನುವುದು ಎಲ್ಲರಿಗೂ ಗೊತ್ತಿತ್ತು, ಬಾಯಿಬಿಟ್ಟು ಯಾರೂ ಹೇಳುತ್ತಿರಲಿಲ್ಲ. ಮಾವ ಅವನನ್ನು ಜಗಲಿ ಹತ್ತಲೂ ಬಿಡಲಿಲ್ಲ. ಆದರೆ ಅವನು ಹೋದ ಮೇಲೆ ಅತ್ತೆ ಹೇಳಿದ ಮಾತು ನಮ್ಮ ಮನೆಗೂ ಕೇಳಿಸಿತು. "ಬೈದು ಕಳಿಸ್ಬಿಟ್ರಿ, ಆಯ್ತು. ಅದು ಕುಂಟೋದನ್ನ ದಿನಾ ನೋಡೋಳು ನಾನು ಕಣ್ರೀ. ನನ್ ಕೈಲಾಗಲ್ಲ."

ನನ್ನ ಜೊತೆ ಕೆಲಸ ಮಾಡುತ್ತಿದ್ದ ಟೀಚರೊಬ್ಬರ ತಮ್ಮ ಅಜ್ಜಂಪುರದಲ್ಲಿ ದನದ ಡಾಕ್ಟರು. ಒಂದು ಭಾನುವಾರ ಅವರನ್ನು ಬೀರೂರಿಗೆ ಕರೆತಂದೆ. ಅವರು ಕೆಂಚಿಯನ್ನು ಬೀದಿಯಲ್ಲಿ ಆಚೀಚೆ ನಡೆಸಿ ನೋಡಿದರು, ಗೊರಸು ಎತ್ತಿ ಮೂಸಿದರು, ಹೆಬ್ಬೆರಳಲ್ಲಿ ಒತ್ತಿದರು. ಕೈ ತೊಳೆದುಕೊಂಡು, "ಲಾಳ ತೆಗೀಬೇಕು" ಅಂದರು.

"ತೆಗ್ದು?" ಅಂದರು ಮಾವ.

"ತೆಗ್ದು ಸುಮ್ನಿರಬೇಕು. ಮತ್ತೆ ಹೊಡಿಬಾರ್ದು."

ಮಾವನ ಗಂಟಲು ಬೀದಿ ಕೊನೆಯವರೆಗೂ ಕೇಳಿಸಿತು. "ಜಟಕಾ ಕುದ್ರೆ ಬರಿಗಾಲಲ್ಲಾ ಸ್ವಾಮಿ? ಇವತ್ತು ಕುದ್ರೆ ಲಾಳ ತೆಗಿ ಅಂತೀರಿ, ನಾಳೆ ನನ್ ಪಂಚೆ ಬಿಚ್ಚು ಅಂತೀರಿ!"

ಡಾಕ್ಟರು ಬೇಸರಪಡಲಿಲ್ಲ, ನಕ್ಕರು. ಅಜ್ಜಂಪುರದ ಕಾವಲಿನಲ್ಲಿ ಮೇಯಲು ಬಿಟ್ಟ ಮರಿಕುದುರೆಗಳನ್ನು ಬೇಕಾದರೆ ನೋಡಿಬನ್ನಿ, ಯಾವುದಕ್ಕೂ ಕಬ್ಬಿಣ ಇಲ್ಲ, ಗೊರಸು ಕಲ್ಲಿನ ಹಾಗಿರುತ್ತದೆ ಅಂದರು. "ಆದ್ರೆ ಇವಳಿಗೆ ಚಿಕ್ಕಂದಿನಿಂದ ಲಾಳದ್ದೇ ಅಭ್ಯಾಸ. ಅಂಗಾಲು ಎಳೇದು. ಮೊದ್ಲು ಮಣ್ಣಲ್ಲಿ ನಡೆಸಿ, ಆಮೇಲೆ ಮರಳು, ಕೊನೇಗೆ ಜಲ್ಲಿ. ಮೇಲಿಂದ ಹೊಸ ಗೊರಸು ಇಳ್ದು ನೆಲ ಮುಟ್ಟೋಕೆ ಹತ್ರ ಹತ್ರ ವರ್ಷ ಹಿಡಿಯುತ್ತೆ. ಅವಸರ ಮಾಡಿದ್ರೆ ಕೆಟ್ಟಿತು." ಆಮೇಲೆ ಕೆಂಚಿಯ ಕಾಲಿನ ಕಡೆ ಕೈ ತೋರಿಸಿದರು. "ನೋಡಿ, ನೋವಿಗೆ ಬೆರಳ ತುದಿ ಮೊದ್ಲು ಊರ್ತಾಳೆ. ಹಿಮ್ಮಡಿ ಮೊದ್ಲು ಊರೋ ದಿನ ಬಂತು ಅಂದ್ರೆ ಗೆದ್ದಂಗೆ."

ಡಾಕ್ಟರು ಹೋದ ಮೇಲೂ ಮಾವ ವಾರಗಟ್ಟಲೆ ಅವರನ್ನು ಆಡಿಕೊಂಡರು. ಊರಲ್ಲಿ ಸಿಕ್ಕವರಿಗೆಲ್ಲ ಪಂಚೆಯ ಕಥೆ. ಅಷ್ಟರಲ್ಲಿ ಒಂದು ಸಂಜೆ ಸ್ಟೇಷನ್ನಿನಿಂದ ಬರುವಾಗ ದಾರಿಯ ಮಧ್ಯೆ ಕೆಂಚಿಯ ಲಾಳ ಮತ್ತೆ ಬಿತ್ತು. ಜೊತೆಗೆ ಅಂಗೈಯಗಲ ಗೊರಸೂ ಎದ್ದು ಬಂತು. ಕೆಂಚಿ ನಿಂತುಬಿಟ್ಟಳು. ಜಟಕಾದಲ್ಲಿದ್ದದ್ದು ನಾನೊಬ್ಬಳೇ. ಮಾವ ಇಳಿದು ಆ ಕಾಲು ನೋಡಿದರು. ಅವಳನ್ನು ಬಿಚ್ಚಿ, ಹಗ್ಗವನ್ನು ನನ್ನ ಕೈಗೆ ಕೊಟ್ಟು, ಅವಳನ್ನು ಕಟ್ಟುವ ಮೂಕಿಮರಗಳ ನಡುವೆ ತಾವೇ ನಿಂತು ಜಟಕಾ ಎಳೆಯತೊಡಗಿದರು. ಹಿಂದೆ ನಾನು, ನನ್ನ ಹಿಂದೆ ಕುಂಟುತ್ತಾ ಕೆಂಚಿ. ಅಂಗಡಿಗಳ ಮುಂದಿದ್ದವರು ನಗದೆ ಇರುತ್ತಾರೆಯೇ? "ಏನ್ ಗುರೂ, ಕುದ್ರೆ ಬದಲಾಯ್ಸಿದ್ಯಾ?" ಅಂದನೊಬ್ಬ.

"ಇಷ್ಟ್ ವರ್ಷ ಅವಳು ಎಳೆದ್ಲು, ಇವತ್ತೊಂದಿನ ನಾನು. ನಿನ್ ಗಂಟೇನ್ ಹೋಯ್ತು?" ಅಂದರು ಮಾವ. ಧ್ವನಿ ದೊಡ್ಡದಾಗಿಯೇ ಇತ್ತು, ಆದರೆ ಅಳು ತಡೆದುಕೊಂಡ ಧ್ವನಿ ಅದು. ಹಿಂದಿದ್ದ ನನಗೆ ಗೊತ್ತಾಯಿತು.

ಯುಗಾದಿಗೆ ಸ್ವಲ್ಪ ಮುಂಚೆ ಅತ್ತೆ ಮಾವ ಒಂದು ಒಪ್ಪಂದಕ್ಕೆ ಬಂದರು. ಅಮ್ಮನೇ ಮಧ್ಯಸ್ಥಿಕೆ. ಈ ಯುಗಾದಿಯಿಂದ ಮುಂದಿನ ಯುಗಾದಿಯವರೆಗೆ ಕೆಂಚಿ ಬರಿಗಾಲಲ್ಲಿರಲಿ. ಅಷ್ಟರೊಳಗೆ ಅವಳು ಕುಂಟದೆ ಸ್ಟೇಷನ್ ದಾರಿ ನಡೆದರೆ ಸರಿ, ಇಲ್ಲವಾದರೆ ಮಾರಿಬಿಡುವುದು, ಮಾವ ಎದುರು ಮಾತಾಡಬಾರದು. ಬೇವು ಬೆಲ್ಲ ತಿಂದ ದಿನವೇ ಲಾಳ ಹೊಡೆಯುವವನು ಇಕ್ಕಳ ತಂದು ಮೊಳೆಗಳನ್ನು ಒಂದೊಂದಾಗಿ ಕಿತ್ತ, ಒಡೆದ ಅಂಚನ್ನೆಲ್ಲ ಅರದಿಂದ ಉಜ್ಜಿ ದುಂಡಗೆ ಮಾಡಿದ. ಕೆಂಚಿ ಲಾಳವಿಲ್ಲದೆ ಮೊದಲ ಹೆಜ್ಜೆ ಇಟ್ಟದ್ದನ್ನು ನಾನು ನೋಡಿದೆ. ಬಿಸಿ ಕಾವಲಿಯ ಮೇಲೆ ಇಟ್ಟ ಹಾಗೆ ಇಟ್ಟಳು. ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡು ಒಳಗೆ ಹೋದರು.

ಮಾರನೆಯ ದಿನ ಮಾವ ತಮ್ಮ ಎಕ್ಕಡಗಳನ್ನೂ ಬಿಟ್ಟು ಹೊರಟರು. "ಎಕ್ಕಡ ಎಲ್ಲಿ ಮಾವ?" ಅಂದೆ.

"ಅವಳಿಗೆ ಎಲ್ಲಿ ಚುಚ್ಚುತ್ತೆ ಅಂತ ನಂಗೆ ಗೊತ್ತಾಗೋದು ಬ್ಯಾಡ್ವಾ? ಅವಳೇನ್ ಬಾಯ್ಬಿಟ್ಟು ಹೇಳ್ತಾಳಾ?"

ಅಂದಿನಿಂದ ದಿನಾ ಬೆಳಗ್ಗೆ ಇಬ್ಬರೂ ಬರಿಗಾಲಲ್ಲಿ ಊರಾಚೆಯ ಕೆರೆಯಂಗಳಕ್ಕೆ ಹೋಗುವರು. ಬೇಸಗೆಗೆ ಕೆರೆ ಒಣಗಿ ಮೆತ್ತನೆಯ ಮಣ್ಣಿತ್ತು. ಮುಂದೆ ಮಾವ, ಹಿಂದೆ ಕೆಂಚಿ, ಇಬ್ಬರದೂ ಒಂದೇ ನಿಧಾನ. ಮಾವ ಕಾಲು ಎಲ್ಲಿ ಎತ್ತಿ ಇಡುತ್ತಾರೋ ಅಲ್ಲಿ ಹಗ್ಗ ಎಳೆದು ಅವಳನ್ನು ಬದಿಗೆ ತರುವರು. ಬಂದ ಮೇಲೆ ನಾಲ್ಕು ಗೊರಸನ್ನೂ ಕೆರೆದು, ಅರಿಶಿನ ಬೆರೆಸಿದ ಬೇವಿನೆಣ್ಣೆ ಹಚ್ಚಿ, ಒಣ ಹುಲ್ಲು ಹಾಸಿ ನಿಲ್ಲಿಸುವರು. ಕಲ್ಲಿನ ದಾರಿ ದಾಟಲೇಬೇಕಾದಲ್ಲಿ ಕಟ್ಟಲು ಅತ್ತೆ ಹಳೆಯ ಸೈಕಲ್ ಟೈರು, ಗೋಣಿತಾಟು ಸೇರಿಸಿ ಚೀಲದಂಥ ಪಾದರಕ್ಷೆ ಹೊಲಿದುಕೊಟ್ಟರು. ಮಾರಿಬಿಡೋಣ ಅಂದವರೂ ಅವರೇ, ಕೈಗೆ ಸೂಜಿ ಚುಚ್ಚಿಸಿಕೊಂಡು ಹೊಲಿದವರೂ ಅವರೇ! ಜಟಕಾ ಇಲ್ಲದ ಆ ವರ್ಷ ಮಾವ ಕೊಬ್ಬರಿ ಮಂಡಿಗೆ ಚೀಲ ತುಂಬಲು ಹೋದರು. ಜಂಕ್ಷನ್ನು ನಡೆಸುತ್ತಿದ್ದ ಮನುಷ್ಯ, ಅದೊಂದರ ಬಗ್ಗೆ ಮಾತ್ರ ಬಡಾಯಿ ಕೊಚ್ಚಲಿಲ್ಲ.

ಇನ್ನು ನಮ್ಮ ಜನದ ಕಥೆ. ಬೀರೂರಿನಲ್ಲಿ ಒಬ್ಬ ಗಂಡಸು ಎಕ್ಕಡ ಬಿಟ್ಟು ಮುಂಜಾನೆ ಮುಂಜಾನೆ ನಡೆಯುತ್ತಾನೆ ಎಂದರೆ ಅದಕ್ಕೆ ಒಂದೇ ಅರ್ಥ. ಬೀದಿ ನಲ್ಲಿಯ ಹತ್ತಿರ ಒಂದು ದಿನ ಮೂಲೆಮನೆಯ ಅಜ್ಜಿ ಬಿಂದಿಗೆ ಇಳಿಸಿ, "ಯಾವ ದೇವ್ರಿಗೆ ಹರಕೆ ಹೊತ್ತಿದ್ದೀಯಪ್ಪಾ?" ಎಂದು ಕೇಳಿದರು. ಮಾವ ತಿರುಗಿಯೂ ನೋಡದೆ, "ದೊಡ್ಡ ದೇವ್ರಿಗೇ" ಅಂದು ಮುಂದೆ ಹೋದರು. ಅಷ್ಟೇ ಸಾಕಾಯಿತು. ಸಂಜೆ ನಾನು ರೈಲು ಇಳಿಯುವಷ್ಟರಲ್ಲಿ ಸುದ್ದಿ ಸ್ಟೇಷನ್ನಿಗೇ ಬಂದಿತ್ತು. ಜಟಕಾದವನು ಬರಿಗಾಲ ಹರಕೆ ಹೊತ್ತಿದ್ದಾನೆ, ಕುದುರೆಯೂ ಹೊತ್ತಿದೆ!

ಆಮೇಲೆ ಕೇಳಬೇಕೇ. ಕೆಂಚಿಯ ಹಣೆಗೆ ವಿಭೂತಿ ಬಂತು, ಕುಂಕುಮ ಬಂತು. ದಾರಿಯುದ್ದಕ್ಕೂ ಬಾಳೆಹಣ್ಣು, ಬೆಲ್ಲ. ಸೋಮವಾರವಂತೂ ನಮ್ಮಮ್ಮನೇ ತಂಬಿಟ್ಟು ಮಾಡಿ ಮೊದಲ ಉಂಡೆ ಕೆಂಚಿಗೆ ಇಟ್ಟು ಆಮೇಲೆ ನನಗೆ ಕೊಡುತ್ತಿದ್ದಳು. ಕಿತ್ತ ಲಾಳಗಳಿಗೆ ಎಷ್ಟು ಜನ ಬಂದರು! ಬಾಗಿಲಿಗೆ ಹೊಡೆದರೆ ಒಳ್ಳೆಯದು, ಅದರಲ್ಲೂ ಹರಕೆ ಕುದುರೆಯ ಲಾಳ. ಕೆಂಚಿಗಿದ್ದದ್ದು ನಾಲ್ಕೇ ಕಾಲು. ಕೆಂಚಿಯ ಲಾಳ ಎಂದು ಬಾಗಿಲಿಗೆ ಹೊಡೆದುಕೊಂಡವರು ಮಾತ್ರ ಬೀದಿಗೊಬ್ಬರಿದ್ದರು. ಎದುರುಮನೆಯ ನಮಗೇ ಒಂದೂ ಸಿಗಲಿಲ್ಲ.

"ಇದು ಸುಳ್ಳಲ್ವಾ ಮಾವ?" ಎಂದು ಒಂದು ದಿನ ಕೇಳಿದೆ. ಮೇಷ್ಟರ ಬುದ್ಧಿ.

"ನಾನೆಲ್ಲಿ ಸುಳ್ಳು ಹೇಳ್ದೆ? ಹರಕೆ ಅಂದೋರು ಅವ್ರು. ನಾನು ಇಲ್ಲ ಅನ್ನಲಿಲ್ಲ, ಅಷ್ಟೆ." ಗೊರಸು ಕೆರೆಯುತ್ತಿದ್ದವರು ಒಂದು ಕಲ್ಲುಚೂರು ಕೆದಕಿ ತೆಗೆದು ಬಿಸಾಡಿದರು. "ಇವಳು ನಡೀಲಿ ಅಂತ ತಾನೆ ನಾನೂ ಎಕ್ಕಡ ಬಿಟ್ಟಿರೋದು. ಇದು ಹರಕೆ ಅಲ್ದೆ ಇನ್ನೇನು ಟೀಚರಮ್ಮ?"

ನಾನು ಬೇವಿನೆಣ್ಣೆಯ ಬಟ್ಟಲನ್ನು ಅವರ ಕಡೆ ಸರಿಸಿದೆ.

ಮಳೆ ಹಿಡಿಯುವವರೆಗೆ ಎಲ್ಲ ಸರಿಯಾಗಿತ್ತು. ಕೆಂಚಿ ಮಣ್ಣಿನಿಂದ ಹಳ್ಳದ ಮರಳಿಗೆ ಬಂದಿದ್ದಳು. ಗೊರಸಿನ ಮೇಲ್ಭಾಗದಲ್ಲಿ ಹೊಸದು ನುಣ್ಣಗೆ ಇಳಿಯುತ್ತಿರುವುದನ್ನು ಮಾವ ದಾರಿಹೋಕರಿಗೆಲ್ಲ ಕರೆದು ತೋರಿಸುತ್ತಿದ್ದರು. ಆಷಾಢದ ಜಿಟಿಜಿಟಿಯಲ್ಲಿ ಗೊರಸು ನೆನೆದು ಮೆತ್ತಗಾಯಿತು. ಒಂದು ದಿನ ಎಲ್ಲೋ ಚೂಪುಗಲ್ಲು ತುಳಿದಳು. ಒಳಗೆ ಕೀವು ಕಟ್ಟಿತು. ಬೆಳಗಾಗುವಷ್ಟರಲ್ಲಿ ಮುಂಗಾಲನ್ನು ನೆಲಕ್ಕೆ ಮುಟ್ಟಿಸದೆ ಮೂರೇ ಕಾಲಲ್ಲಿ ನಿಂತಿದ್ದಳು. ಹುರುಳಿಯ ಕಡೆ ಮೂತಿಯನ್ನೇ ತಿರುಗಿಸಲಿಲ್ಲ. ಅಜ್ಜಂಪುರದ ಡಾಕ್ಟರಿಗೆ ನಾನು ಹೇಳಿಬಂದೆ, ಅವರು ಮಾರನೆಯ ದಿನ ಬರುತ್ತೇನೆಂದರು. ಅದಕ್ಕೆ ಮೊದಲು ಛತ್ರಿಯ ದಲ್ಲಾಳಿ ಬಂದ. ಅವನಿಗೆ ಯಾರು ಹೇಳಿದರೋ, ಮಳೆಯೇ ಹೇಳಿತೋ...

ಅವತ್ತು ಶಾಲೆಗೆ ರಜೆ, ನಾನು ಮನೆಯಲ್ಲೇ ಇದ್ದೆ. ಮಾವ ಕೊಟ್ಟಿಗೆಯ ಕಂಬಕ್ಕೆ ಒರಗಿ ಕೂತಿದ್ದರು. ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲ. ಬಂದವನನ್ನು ಬೈಯಲೂ ಇಲ್ಲ. ದಲ್ಲಾಳಿ ಅತ್ತೆಯ ಕಡೆಗೇ ತಿರುಗಿ ನಯವಾಗಿ ಮಾತಾಡಿದ. "ಯಾಕಕ್ಕಾ ಮೂಕಪ್ರಾಣಿಗೆ ಹಿಂಸೆ? ಯುಗಾದಿಗಂಟ ಇದು ಇರಲ್ಲ. ನೀವ್ ಹೂಂ ಅನ್ನಿ, ಸಂಜೆಗೆ ಲಾರಿ ತತ್ತೀನಿ." ಅತ್ತೆ ಕೆಂಚಿಯನ್ನೇ ನೋಡುತ್ತಾ ನಿಂತಿದ್ದರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅವರ ತುಟಿ ಅಲುಗಿದ್ದನ್ನು ಕಂಡು, ಹೂಂ ಅಂದೇಬಿಟ್ಟರು ಎಂದುಕೊಂಡೆ. ಅವನೂ ಹಾಗೇ ಅಂದುಕೊಂಡಿರಬೇಕು, ಬಗ್ಗಿ ಕೆಂಚಿಯ ಕಾಲು ಹಿಡಿದ.

ಆಗ ಬೀದಿಯಿಂದ ಮೂಲೆಮನೆಯ ಅಜ್ಜಿ ಕೂಗಿದರು. "ಏಯ್, ಮುಟ್ಬ್ಯಾಡ! ಹರಕೆ ಕುದ್ರೆ ಕಣೋ ಅದು! ಅದನ್ನ ಲಾರಿಗೆ ಹತ್ತಿಸಿದ್ರೆ ನಿನ್ ಮನೆ ದೀಪ ಉರಿದೀತಾ?" ಅಮ್ಮನೂ ಹೊರಗೆ ಬಂದಳು. ಒಂದಿಬ್ಬರು ಸೇರಿದರು. ದಲ್ಲಾಳಿ ತಲೆ ಎತ್ತಿ ಅತ್ತೆಯ ಮುಖ ನೋಡಿದ. "ಹೌದೇನಕ್ಕಾ? ದೇವ್ರಿಗೆ ಬಿಟ್ಟಿದ್ದಾ?"

ಹರಕೆ ಗಿರಕೆ ಏನೂ ಇಲ್ಲವೆಂದು ಆ ಬೀದಿಯಲ್ಲಿ ಗೊತ್ತಿದ್ದದ್ದು ಮಾವನಿಗೆ, ಅತ್ತೆಗೆ, ನನಗೆ ಮಾತ್ರ. ಒಪ್ಪಂದ ಮಾಡಿಸಿದ ಅಮ್ಮನೂ ಆಮೇಲಾಮೇಲೆ ಹರಕೆಯನ್ನೇ ನಂಬಿಬಿಟ್ಟಿದ್ದಳು. ಅತ್ತೆ ಎಂಥವರೆಂದರೆ ಹಾಲಿಗೆ ಒಂದು ತೊಟ್ಟು ನೀರು ಬಿದ್ದರೂ ಬಿತ್ತು ಎಂದು ಹೇಳಿ ಕೊಡುವವರು. ಇಲ್ಲ ಅನ್ನಲು ಅವರಿಗೆ ಒಂದೇ ಒಂದು ಉಸಿರು ಸಾಕಿತ್ತು. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, ಗಟ್ಟಿಯಾಗಿ, ಬೀದಿಗೆಲ್ಲ ಕೇಳುವ ಹಾಗೆ ಹೇಳಿದರು.

"ಹೌದು ಕಣಪ್ಪಾ. ಹರಕೇದೇ. ನಾನೇ ಹೊತ್ತಿರೋದು."

ದಲ್ಲಾಳಿ ಕಾಲು ಬಿಟ್ಟ. ಕೈಯನ್ನು ಕಣ್ಣಿಗೊತ್ತಿಕೊಂಡು, "ನಂಗ್ಯಾಕ್ ಬೇಕವ್ವ ದೇವ್ರ ಸೊತ್ತು" ಎಂದು ಛತ್ರಿ ಬಿಚ್ಚಿ ಹೊರಟುಹೋದ. ಮಾವ ಕಂಬ ಹಿಡಿದು ಎದ್ದು ನಿಂತು ಹೆಂಡತಿಯ ಮುಖವನ್ನೇ ನೋಡಿದರು.

"ಏನ್ ನೋಡ್ತೀರಾ? ಬಿಸಿನೀರು ಕಾಯ್ಸಿ ಹೋಗಿ, ಉಪ್ಪು ಹಾಕಿ ಕಾಲು ಅದ್ದಣ" ಅಂದರು ಅತ್ತೆ.

ಡಾಕ್ಟರು ಬಂದು ಕೀವು ಬಿಡಿಸಿದರು. ದಿನಕ್ಕೆ ಮೂರು ಹೊತ್ತು ಉಪ್ಪುನೀರು, ಅರಿಶಿನ, ಅತ್ತೆಯ ಟೈರಿನ ಚೀಲ. ಮಳೆ ಕಳೆದು ನೆಲ ಗಟ್ಟಿಯಾದ ಹಾಗೆ ಕೆಂಚಿಯ ಕಾಲೂ ಗಟ್ಟಿಯಾಯಿತು. ದೀಪಾವಳಿಯ ಹೊತ್ತಿಗೆ ಗೊರಸಿನ ಒಡೆದ ಭಾಗ ಕೆಳಗೆ ಇಳಿದು ಇಳಿದು ಬರೀ ಅಂಚಿನಲ್ಲಿ ಉಳಿದಿತ್ತು. ಸಂಕ್ರಾಂತಿ ಕಳೆದ ಮೇಲೆ ಅರದಿಂದ ಉಜ್ಜಿದಾಗ ಅದೂ ಹೋಯಿತು. ಈಗ ಬೆಳಗಿನ ನಡಿಗೆಯಲ್ಲಿ ಅತ್ತೆಯೂ ಎಷ್ಟೋ ದಿನ ಜೊತೆಗಿರುತ್ತಿದ್ದರು, ಅವರೂ ಬರಿಗಾಲಲ್ಲಿ. ಹರಕೆ ಹೊತ್ತವರು ತಾನೇ!

ಯುಗಾದಿ ಬಂತು. ಸ್ಟೇಷನ್ ರಸ್ತೆಗೆ ಟಾರು ಹಾಕುತ್ತೇವೆಂದು ಜಲ್ಲಿ ಸುರಿದು ಹಾಗೇ ಬಿಟ್ಟುಹೋಗಿದ್ದರು. ಟಾರು ಬಂದೇ ಇರಲಿಲ್ಲ. ಇದಕ್ಕಿಂತ ಕೆಟ್ಟ ದಾರಿ ಹುಡುಕಿದರೂ ಸಿಗುತ್ತಿರಲಿಲ್ಲ. ಇನ್ನೊಂದು ದಿನ ನೋಡೋಣ ಎಂದು ಅಮ್ಮ ಹೇಳಿದಳು. "ಒಪ್ಪಂದ ಅಂದ್ರೆ ಒಪ್ಪಂದ" ಅಂದರು ಮಾವ. ಬೀದಿಯವರೆಲ್ಲ ಹೊಸ ಬಟ್ಟೆಯಲ್ಲೇ ರಸ್ತೆ ಬದಿಗೆ ಬಂದು ನಿಂತರು. ಮಾವ ಹಗ್ಗ ಸಡಿಲವಾಗಿ ಹಿಡಿದು ಜಲ್ಲಿಯ ಮೇಲೆ ಕಾಲಿಟ್ಟರು. ಇಟ್ಟವರೇ "ಅಯ್ಯಯ್ಯಪ್ಪಾ!" ಎಂದು ಎಗರಿದರು. ಹಿಂದೆ ಬಂದ ಕೆಂಚಿ ಎಗರಲಿಲ್ಲ. ನನ್ನ ಕಣ್ಣು ಅವಳ ಮುಂಗಾಲಿನ ಮೇಲೇ ಇತ್ತು. ಹಿಮ್ಮಡಿ ಮೊದಲು ಊರಿದಳು. ಆಮೇಲೆ ಬೆರಳು. ಮತ್ತೆ ಹಿಮ್ಮಡಿ, ಮತ್ತೆ ಬೆರಳು... ಮಾವ ಜಲ್ಲಿಯ ಮೇಲೆ ಕೋಳಿಯ ಹಾಗೆ ಕುಣಿಯುತ್ತಿದ್ದರು. ಅವಳು ಅವರನ್ನು ದಾಟಿ ಮುಂದೆ ಹೋಗಿ, ಹಗ್ಗ ಜಗ್ಗಿ, ಯಾಕೆ ತಡ ಎನ್ನುವ ಹಾಗೆ ಹಿಂತಿರುಗಿ ನೋಡಿದಳು. ಸ್ಟೇಷನ್ನಿನವರೆಗೂ ಅವಳೇ ಅವರನ್ನು ಎಳೆದುಕೊಂಡು ಹೋದಳು. ನಾನು ಅತ್ತೆಯ ಕೈ ಹಿಡಿದುಕೊಂಡು ಅತ್ತುಬಿಟ್ಟೆ. ಇಬ್ಬರೂ ನಗುತ್ತಲೂ ಇದ್ದೆವು.

ಮಾರನೆಯ ದಿನವೇ ಜಟಕಾ ಕಟ್ಟಿದರು. ಮಾರನೆಯ ದಿನವೇ ನನಗೆ ರೈಲೂ ತಪ್ಪಿತು. ಆ ವರ್ಷವೆಲ್ಲ ಬಾಗಿಲು ಬಡಿದು ಎಬ್ಬಿಸುತ್ತಿದ್ದ ಮಾವ, ಜಟಕಾ ಬಂತಲ್ಲ ಎಂದು ಅವತ್ತು ಬಡಿಯಲಿಲ್ಲ. ಲಾಳವಿಲ್ಲದ ಕೆಂಚಿ ಬೆಕ್ಕಿನ ಹಾಗೆ ಬಂದು ಬಾಗಿಲಲ್ಲಿ ನಿಂತರೆ ನಮಗೆ ಹೇಗೆ ಗೊತ್ತಾಗಬೇಕು? ಅಮ್ಮ ಟಕಟಕಕ್ಕೆ ಕಾಯುತ್ತಾ ಕಾಯುತ್ತಾ ಮಲಗೇ ಇದ್ದಳು. ಹೊರಗೆ ಮಾವ ಜಟಕಾದಲ್ಲಿ ಗತ್ತಾಗಿ ಕೂತು, ಟೀಚರಮ್ಮ ಯಾಕೋ ಇವತ್ತು ತಡ ಎಂದು ಕಾಯುತ್ತಾ ಕಾಯುತ್ತಾ ತೂಕಡಿಸಿದ್ದರು. ರೈಲು ಕೂಗಿದಾಗ ಎಲ್ಲರಿಗೂ ಒಟ್ಟಿಗೆ ಎಚ್ಚರವಾಯಿತು! ಅದೊಂದು ದಿನ ರೈಲು ಕೆಂಚಿಗೆ ಮರ್ಯಾದೆ ಕೊಡಲಿಲ್ಲ. ಆ ಸಂಜೆಯೇ ಕೆಂಚಿಯ ಕೊರಳಿಗೆ ಗೆಜ್ಜೆಸರ ಬಂತು. ಅಮ್ಮ ಗಡಿಯಾರವನ್ನು ರಿಪೇರಿಗೆ ಕೊಟ್ಟಳು.

ಹರಕೆ ತೀರಿತಲ್ಲ ಎಂದು ನಾನು ಕಡೂರಿನಿಂದ ಮಾವನಿಗೆ ಹೊಸ ಎಕ್ಕಡ ತಂದುಕೊಟ್ಟೆ. ಒಂದು ದಿನ ಹಾಕಿಕೊಂಡು ತಿರುಗಿ, ಎರಡು ಕಾಲಿಗೂ ಬೊಬ್ಬೆ ಬರಿಸಿಕೊಂಡು ಕುಂಟುತ್ತಾ ಬಂದರು. "ತಗಂಡ್ ಹೋಗಮ್ಮ. ಅವಳಿಗೆ ಬಿಡ್ಸಿ ನಂಗೆ ಲಾಳ ಹೊಡ್ಸಿದಂಗಾಯ್ತು." ಮತ್ತೆ ಅವರು ಎಕ್ಕಡ ಮೆಟ್ಟಿದ್ದನ್ನು ನಾನು ನೋಡಲಿಲ್ಲ.

ಆಮೇಲೆ ನನಗೆ ತರೀಕೆರೆಗೆ ವರ್ಗವಾಯಿತು. ಬೀರೂರಿನಲ್ಲಿ ಆಟೋಗಳು ಬಂದವು. ಮಾವ ಕೆಲವು ವರ್ಷ ಹಟ ಹಿಡಿದು ಜಟಕಾ ಓಡಿಸಿ, ಕೊನೆಗೆ ಕೆಂಚಿಯನ್ನು ಸಿಂಗಟಗೆರೆಯ ನೆಂಟರ ತೆಂಗಿನತೋಟದಲ್ಲಿ ಬಿಟ್ಟರಂತೆ. ವಾರಕ್ಕೊಮ್ಮೆ ಬಸ್ಸು ಹಿಡಿದು ಬೇಯಿಸಿದ ಹುರುಳಿಯ ಡಬ್ಬಿ ತೆಗೆದುಕೊಂಡು ಹೋಗುತ್ತಿದ್ದರಂತೆ. ಅವರು ತೀರಿಕೊಂಡದ್ದು ನನಗೆ ತಿಳಿದದ್ದು ಎಷ್ಟೋ ದಿನಗಳಾದ ಮೇಲೆ. ಹೋದೆ. ಅತ್ತೆ ಕೊಟ್ಟಿಗೆಯ ಬಾಗಿಲಲ್ಲಿ ಕೂತಿದ್ದರು. "ಕೊನೇ ದಿನ ಕಾಲು ಮುಟ್ ನೋಡ್ದೆ ಕಣಮ್ಮ, ಥೇಟ್ ಕೆಂಚಿ ಗೊರಸಿನಂಗೆ ಗಟ್ಟಿಯಾಗಿತ್ತು" ಎಂದು ಹೇಳಿ ನಕ್ಕರು, ಆಮೇಲೆ ತುಂಬ ಹೊತ್ತು ಅತ್ತರು. ಕೆಂಚಿ ಅವರಿಗಿಂತ ಹೆಚ್ಚು ಕಾಲ ಬದುಕಿದಳಂತೆ, ತೆಂಗಿನ ನೆರಳಿನಲ್ಲಿ, ಬರಿಗಾಲಲ್ಲಿ. ಈಗ ಅತ್ತೆಯೂ ಇಲ್ಲ, ನಮ್ಮಮ್ಮನೂ ಇಲ್ಲ. ಆ ವರ್ಷವನ್ನು ಕಂಡವರಲ್ಲಿ ನನಗೆ ಗೊತ್ತಿರುವ ಹಾಗೆ ನಾನೊಬ್ಬಳೇ ಉಳಿದಿದ್ದೇನೆ ಎಂದು ಮೊನ್ನೆ ಹುರುಳಿಯ ವಾಸನೆಯಲ್ಲಿ ಕೂತು ಲೆಕ್ಕ ಹಾಕಿದೆ.

ಫಿಸಿಯೋಥೆರಪಿಗೆ ಬರುವ ಹುಡುಗಿ ನನಗೆ ವಾರಗಳಿಂದ ಒಂದೇ ಮಾತು ಹೇಳುತ್ತಿದ್ದಾಳೆ. "ಆಂಟಿ, ತುದಿಗಾಲಲ್ಲಿ ನಡಿಬೇಡಿ. ಹಿಮ್ಮಡಿ ಮೊದ್ಲು ಊರಿ." ನಾನು ಹೂಂ ಅನ್ನುತ್ತೇನೆ, ಆಮೇಲೆ ನೋವಿಗೆ ಹೆದರಿ ಬೆರಳ ತುದಿಯನ್ನೇ ಊರುತ್ತೇನೆ. ಈ ಮಾತನ್ನು ನಾನು ಎಲ್ಲೋ ಕೇಳಿದ್ದೇನೆ ಅನ್ನಿಸುತ್ತಿತ್ತು, ಎಲ್ಲಿ ಎಂದು ಹೊಳೆದಿರಲಿಲ್ಲ. ಹುರುಳಿ ಬೇಯಬೇಕಾಯಿತು.

ವಾಕರ್ ಹಿಡಿದು ಎದ್ದೆ. ಹಿತ್ತಲ ಬಾಗಿಲಿನವರೆಗೆ ಬಂದು ಚಪ್ಪಲಿ ಬಿಟ್ಟೆ. ಕರಿಬೇವಿನ ಗಿಡದ ಸುತ್ತ ತಂಗಿ ಬೆಳಗ್ಗೆ ತಾನೇ ನೀರು ಹಾಕಿ, ಮಣ್ಣು ಮೆತ್ತಗಿತ್ತು. ವಾಕರನ್ನು ಗೋಡೆಗೆ ಒರಗಿಸಿ, ಗೋಡೆಯನ್ನೇ ಹಿಡಿದುಕೊಂಡು ಕಾಲು ಚಾಚಿದೆ. ಹಿಮ್ಮಡಿ ಮೊದಲು... ನೋಯಿತು. ಆದರೆ ನೆಲ ಕೆಳಗೆ ಇತ್ತು, ತಣ್ಣಗೆ, ಇದ್ದಲ್ಲೇ ಇತ್ತು. ಇನ್ನೊಂದು ಹೆಜ್ಜೆ ಇಟ್ಟೆ. ಇದನ್ನು ಈಗಲೇ ಮಾವನಿಗೆ ಹೇಳಬೇಕು ಎಂದು ಮನಸ್ಸು ಓಡಿತು, ಅವರಿಲ್ಲ ಎನ್ನುವುದು ಆಮೇಲೆ ನೆನಪಾಯಿತು.

ತಂಗಿ ಸೌಟಿನ ಸಮೇತ ಓಡಿ ಬಂದಳು. "ಅಕ್ಕಾ! ವಾಕರ್ ಇಲ್ದೆ! ಬರಿಗಾಲಲ್ಲಿ! ಇದ್ಯಾವ ದೇವ್ರಿಗೆ ಹರಕೆ ಹೊತ್ಕೊಂಡೆಯೇ?"

"ದೊಡ್ಡ ದೇವ್ರಿಗೇ" ಅಂದೆ.

ಗೇಟಿನಾಚೆ ನಮ್ಮ ರಸ್ತೆಗೂ ಜಲ್ಲಿ ಸುರಿದು ಹೋಗಿದ್ದಾರೆ. ಟಾರು ಇನ್ನೂ ಬಂದಿಲ್ಲ. ಅವಸರವಿಲ್ಲ, ನನಗೂ ಅಲ್ಲಿಗೆ ಹೋಗಲು ಯುಗಾದಿಯವರೆಗೆ ಸಮಯವಿದೆ.